ಮಲಾವಿಯಲ್ಲಿ ಅರಿವಳಿಕೆ ಕೊಡುವವರು ಯಾರು ಅಂತ ನಿಮ್ಮ ಲೇಖನದಲ್ಲಿ ಬರೆಯಲೇ ಇಲ್ವಲ್ಲ ಸರ್?

ಹೊರದೇಶದ ಡಾಕ್ಟರುಗಳು ಎರಡು ವಾರ ಆಫ್ರಿಕಾದ ಮಲಾವಿಗೆ ಹೋಗಿ ಅರಿವಳಿಕೆ ಕಲಿಸಿ ಬರುವುದನ್ನು ಆ ಲೇಖನ ಬಹಳ ಹೊಗಳಿದೆ. ಒಳ್ಳೆಯ ಕೆಲಸವೇ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವವರು ಹೆಚ್ಚಾಗಿ ಡಾಕ್ಟರುಗಳಲ್ಲ, ಅದಕ್ಕೆಂದೇ ತರಬೇತಾದ ಕ್ಲಿನಿಕಲ್ ಆಫೀಸರ್‌ಗಳು. ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬಂದರೂ ಅವರೇ ಏಳಬೇಕು.

ನಾನೂ ಅರಿವಳಿಕೆ ಡಾಕ್ಟರೇ. ಅಲ್ಲಿ ಪಾಠ ಹೇಳಲು ಹೋಗಿದ್ದೆ. ಮೊದಲ ದಿನವೇ ಕರುಳಿನ ಆಪರೇಷನ್ ನಡುವೆ ಕರೆಂಟ್ ಹೋಯ್ತು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಗಪ್‌ಚಿಪ್. ನಾನು ಕಕ್ಕಾಬಿಕ್ಕಿ. ಅಲ್ಲಿನ ಕ್ಲಿನಿಕಲ್ ಆಫೀಸರ್ ಹುಡುಗ ಮಾತ್ರ ಆರಾಮಾಗಿ ಡ್ರಾ-ಓವರ್ ಯಂತ್ರದ ತಿದಿ ಒತ್ತುತ್ತಾ ನಿಂತಿದ್ದ. ಅದಕ್ಕೆ ಕರೆಂಟೂ ಬೇಡ, ಸಿಲಿಂಡರೂ ಬೇಡ. ಕೋಣೆಯ ಗಾಳಿಯೇ ಹ್ಯಾಲೋಥೇನ್ ಎಂಬ ಅರಿವಳಿಕೆ ದ್ರವದ ಮೇಲೆ ಹಾದು ರೋಗಿಗೆ ಹೋಗುತ್ತದೆ. ನಾನು ಅದನ್ನು ಪುಸ್ತಕದಲ್ಲಷ್ಟೇ ನೋಡಿದ್ದೆ! ಬೆರಳಿಗೆ ಸಿಕ್ಕಿಸಿದ್ದ ಬ್ಯಾಟರಿ ಆಕ್ಸಿಮೀಟರ್ ಟಿಕ್ ಟಿಕ್ ಅನ್ನುತ್ತಿತ್ತು. ರಕ್ತದಲ್ಲಿ ಆಕ್ಸಿಜನ್ ಇಳಿದರೆ ಆ ಸದ್ದೂ ಮಂದ್ರಕ್ಕೆ ಇಳಿಯುತ್ತದೆ, ಕತ್ತಲಲ್ಲೂ ಕಿವಿಗೇ ಗೊತ್ತಾಗುತ್ತದೆ.

ಮೂಲೆಯಲ್ಲಿ ದಾನ ಬಂದ ದುಬಾರಿ ಯಂತ್ರವೊಂದಿತ್ತು, ಬೆಡ್‌ಶೀಟ್ ಹೊದ್ದುಕೊಂಡು. ಯಾವುದೋ ಸಣ್ಣ ಬಿಡಿಭಾಗ ಸಿಗುತ್ತಿಲ್ಲವಂತೆ.

2011ರಲ್ಲಿ ಉಗಾಂಡಾದಲ್ಲಿ ಶುರುವಾದ ‘ಸೇಫ್’ ಎಂಬ ಹೆರಿಗೆ ಅರಿವಳಿಕೆಯ ತರಬೇತಿ ಕೋರ್ಸ್ ನನಗೆ ಇಷ್ಟವಾಗುವುದು ಇದಕ್ಕೇ. ಮೂರೇ ದಿನ, ಅದೊಂದೇ ವಿಷಯ. ಜೊತೆಗೆ ಆ ಊರಿನವರನ್ನೇ ಮುಂದೆ ಕಲಿಸಲು ತಯಾರು ಮಾಡುತ್ತಾರೆ. ಫೋಟೋಗೆ ಅಷ್ಟು ಚೆಂದ ಬರಲ್ಲ, ಬಿಡಿ.

ಮುಂದಿನ ಬರಹದಲ್ಲಿ ಆ ಕ್ಲಿನಿಕಲ್ ಆಫೀಸರ್‌ಗಳನ್ನೂ ಒಮ್ಮೆ ಮಾತಾಡಿಸಿ ಸರ್.