ಚಿಲಕ ಇಲ್ಲದ ಬಾಗಿಲು

2019ರ ಆಗಸ್ಟ್. ಮಲಪ್ರಭಾ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ನಾವು ಏಳು ಜನ ಸೇರಿ ಟೆಂಪೋ ತುಂಬಿಸಿಕೊಂಡು ಬೆಂಗಳೂರಿನಿಂದ ಹೊರಟೆವು. ಅಕ್ಕಿ, ಬಿಸ್ಕತ್ತು, ಚಾಪೆ, ಹೊದಿಕೆ, ನಾಲ್ಕು ಬಾಕ್ಸ್ ಪ್ಯಾಡ್. ಪಟ್ಟಿ ಮಾಡಿದ್ದು ನಾವೇ, ನಮ್ಮ ಮನೆ ಹಾಲ್‌ನಲ್ಲಿ ಕೂತು.

ಗಂಜಿ ಕೇಂದ್ರ ಇದ್ದದ್ದು ಒಂದು ಶಾಲೆಯಲ್ಲಿ. ಪ್ಯಾಡ್ ಹಂಚುವಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಹಿಂದೆಯೇ ಸುತ್ತುತ್ತಿದ್ದಳು. ಎಲ್ಲರೂ ಆಚೆ ಹೋದ ಮೇಲೆ ಮೆಲ್ಲಗೆ ಹೇಳಿದಳು, "ಅಕ್ಕಾರ, ಪ್ಯಾಡ್ ಕೊಟ್ಟೀರಿ, ಆದ್ರ ಚಡ್ಡಿನ ಇಲ್ರಿ. ಎಲ್ಲಾ ಹೊಳಿಗೆ ಹೋತು."

ನಮ್ಮಲ್ಲಿ ನಾಲ್ವರು ಹೆಂಗಸರು. ಒಬ್ಬರಿಗೂ ಇದು ತಲೆಗೆ ಬಂದಿರಲಿಲ್ಲ.

ಇನ್ನೊಂದನ್ನೂ ಅವಳೇ ಹೇಳಿದ್ದು. "ಕತ್ತಲಾದ ಮ್ಯಾಲ ನಾವು ನೀರ ಕುಡಿಯಂಗಿಲ್ರಿ. ಸಂಡಾಸದ ಬಾಗಲಕ್ಕ ಚಿಲಕ ಇಲ್ಲ, ಲೈಟೂ ಇಲ್ಲ." ಅಲ್ಲಿಗೆ ಅಧಿಕಾರಿಗಳು ಬಂದು ಹೋಗಿದ್ದರು, ಪಂಚಾಯ್ತಿಯವರು ಬಂದಿದ್ದರು, ನಮ್ಮಂಥವರ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲರೂ ಮಾತಾಡಿಸಿದ್ದು ಊರ ಹಿರಿಯರನ್ನು, ಅದೂ ಗಂಡಸರನ್ನು. ಅವರು ರೇಷನ್, ಮನೆ, ಬೆಳೆ ಪರಿಹಾರ ಕೇಳಿದರು. ತಪ್ಪೇನಿಲ್ಲ, ಅದೂ ಬೇಕು. ಆದರೆ ಚಿಲಕದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

"ಮಕ್ಕಳಿಗೇನು ಗೊತ್ತಾಗತ್ತೆ" ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಈ ಹುಡುಗಿ ನೆನಪಾಗುತ್ತಾಳೆ. ತಮ್ಮ ಬದುಕಿಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡೋದು ಮಕ್ಕಳ ಹಕ್ಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ, ಭಾರತ 1992ರಲ್ಲೇ ಅದನ್ನು ಒಪ್ಪಿಕೊಂಡಿದೆ. ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ಮಕ್ಕಳ ಗ್ರಾಮ ಸಭೆ ಇದೆ. ಶಾಲೆಗೆ ಕಾಂಪೌಂಡ್ ಇಲ್ಲ, ಬಸ್ ಬರಲ್ಲ, ದಾರಿಯಲ್ಲಿ ಕುಡುಕರ ಕಾಟ ಅಂತ ಮಕ್ಕಳು ಮೈಕ್ ಹಿಡಿದು ಹೇಳ್ತಾರೆ. ನೆರೆ ಬಂದ ದಿನ ಅದೇ ಮಕ್ಕಳು ಬಿಸ್ಕತ್ತಿಗೆ ಕೈಚಾಚೋ ಫೋಟೋ ಆಗಿಬಿಡ್ತಾರೆ.

ಆ ಫೋಟೋಗಳನ್ನು ದಯವಿಟ್ಟು ಹಾಕಬೇಡಿ. ಮನೆ ಕಳೆದುಕೊಂಡ ಮಗುವಿನ ಮುಖ, ಜೊತೆಗೆ ಊರಿನ ಹೆಸರು. ಅದನ್ನು ಯಾರು ಯಾರು ನೋಡ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ.

ಕೇಳೋದಕ್ಕೂ ಒಂದು ರೀತಿ ಇದೆ. ದೊಡ್ಡವರ ಎದುರಿಗೆ ನಿಲ್ಲಿಸಿ ಕೇಳಿದರೆ ಯಾವ ಮಗುವೂ ಬಾಯಿ ಬಿಡಲ್ಲ. ಹೆಣ್ಣುಮಕ್ಕಳನ್ನು ಒಬ್ಬ ಹೆಂಗಸು ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಲಿ. ಸಣ್ಣವರ ಕೈಗೆ ಹಾಳೆ ಕೊಟ್ಟು, ಕೇಂದ್ರದ ಚಿತ್ರ ಬರೆದು ಭಯ ಆಗೋ ಜಾಗಕ್ಕೆಲ್ಲ ಗುರುತು ಹಾಕೋಕೆ ಹೇಳಿ. ಯಾರು ಏನು ಹೇಳಿದರು ಅಂತ ಹೊರಗೆ ಹೋಗಬಾರದು. ಕೊಡಲಾಗದ್ದನ್ನು ಕೊಡ್ತೀವಿ ಅನ್ನಬೇಡಿ. ಯಾರಾದರೂ ಮೈ ಮುಟ್ಟಿದರು, ಹೊಡೆದರು ಅಂತ ಮಗು ಹೇಳಿದರೆ ಕೆದಕಿ ಕೆದಕಿ ಕೇಳದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇಷ್ಟಾದ ಮೇಲೆ ಮಾರನೇ ದಿನ ಮತ್ತೆ ಹೋಗಿ, ನೀವು ಹೇಳಿದ್ದರಲ್ಲಿ ಇದು ಆಯ್ತು, ಇದು ಆಗಲಿಲ್ಲ ಅಂತ ಆ ಮಕ್ಕಳಿಗೇ ತಿಳಿಸಬೇಕು. ಇದನ್ನೇ ಜಾಸ್ತಿ ಜನ ಮರೆಯೋದು.

ಈ ಸಲ ಮಳೆಗಾಲದಲ್ಲಿ ಸಾಮಾನು ಸಂಗ್ರಹಿಸೋರು ಗಾಡಿ ತುಂಬಿಸೋ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ. ಅಲ್ಲಿನ ಟೀಚರಿಗೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ, ಏನು ಬೇಕು ಅಂತ ಅವರಿಂದ ಮಕ್ಕಳನ್ನು ಕೇಳಿಸಿ, ಆಮೇಲೆ ಪಟ್ಟಿ ಮಾಡಿ.

ಅವತ್ತು ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಚಿಲಕ, ಎರಡು ಬಲ್ಬ್ ತಂದೆವು. ನಮ್ಮ ಡ್ರೈವರ್ ಅಣ್ಣ ಚಿಲಕ ಇಟ್ಟು ಸ್ಕ್ರೂ ತಿರುಗಿಸೋಕೆ ಹೊರಟಾಗ ಆ ಹುಡುಗಿ ಓಡಿಬಂದು ತಡೆದಳು. "ಅಣ್ಣಾರ, ಸ್ವಲ್ಪ ಕೆಳಗ ಹಚ್ರಿ. ಸಣ್ಣ ಹುಡುಗ್ಯಾರಿಗೂ ಕೈ ನಿಲುಕಬೇಕು."