ರಸ್ತೆಗೆ ಗೆಜೆಟ್ ಓದಲು ಬರುವುದಿಲ್ಲ

ಸಕಲೇಶಪುರದ ಕಡೆ ತೋಟದ ರಸ್ತೆಯೊಂದರ ಬಾಯಿಗೆ ಕಬ್ಬಿಣದ ಕಮಾನು ನಿಲ್ಲಿಸಿದ್ದಾರೆ. ಭಾರಿ ವಾಹನ ಒಳಗೆ ಹೋಗಕೂಡದಂತೆ. ಅರಸೀಕೆರೆ ಕಡೆಯಿಂದ ಹುಲ್ಲು ಹೇರಿಕೊಂಡು ಬಂದ ಲಾರಿ ಅಲ್ಲಿ ತಲೆ ಬಡಿಸಿಕೊಂಡು ನಿಲ್ಲುತ್ತದೆ. ಹಿಂದೆಯೇ ಬಂದ ಜಲ್ಲಿ ಟಿಪ್ಪರ್, ಕುಳ್ಳಗಿರುವ ಪುಣ್ಯಕ್ಕೆ, ಸಲೀಸಾಗಿ ನುಸುಳಿ ಹೋಗುತ್ತದೆ. ಭಾರವನ್ನು ಟೇಪು ಹಿಡಿದು ಅಳೆಯುವ ಈ ವಿದ್ಯೆ ಈಚೆಗೆ ಹಾಸನದಲ್ಲಿ ಆಲೂಗಡ್ಡೆಗಿಂತ ಚೆನ್ನಾಗಿ ಬೆಳೆಯುತ್ತಿದೆ.

ಪಾಪ, ರಸ್ತೆಗೆ ಲಾರಿಯ ಎತ್ತರ ಗೊತ್ತಾಗುವುದಿಲ್ಲ. ಮಾಲೀಕರು ಯಾವ ಪಕ್ಷದವರು ಎಂಬುದೂ ಗೊತ್ತಾಗುವುದಿಲ್ಲ. (ಗೊತ್ತಿರಬೇಕಾದವರಿಗೆ ಗೊತ್ತಿರುತ್ತದೆ, ಆ ಚಿಂತೆ ಬೇಡ.) ಒಂದೊಂದು ಆಕ್ಸಲ್, ಅಂದರೆ ಎರಡು ಬದಿಯ ಚಕ್ರಗಳನ್ನು ಹೊತ್ತ ಅಡ್ಡದಂಡ, ಎಷ್ಟು ಭಾರ ತಂದು ತನ್ನ ಮೈಮೇಲೆ ಒತ್ತಿತು ಎಂಬುದಷ್ಟೇ ಅದಕ್ಕೆ ತಿಳಿಯುವುದು. ಎಂಜಿನಿಯರುಗಳು ರಸ್ತೆಯ ದಪ್ಪ ನಿರ್ಧರಿಸುವುದೂ 8.16 ಟನ್ನಿನ ಸ್ಟ್ಯಾಂಡರ್ಡ್ ಆಕ್ಸಲ್ ಅದರ ಮೇಲೆ ಎಷ್ಟು ಸಲ ಹಾಯುತ್ತದೆ ಎಂಬ ಲೆಕ್ಕ ಹಿಡಿದೇ. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಗೆ ಹೊಸ ರಸ್ತೆ ಹಾಸಿ, ಅದು ಹಾಳಾಗಲೆಂದೇ ಲಾರಿ ಓಡಿಸಿ ನೋಡಿದರು. ನಮ್ಮಲ್ಲಿ ಈ ಪ್ರಯೋಗ ಪ್ರತಿದಿನ ಉಚಿತವಾಗಿ ನಡೆಯುತ್ತದೆ, ಬರೆದುಕೊಳ್ಳುವವರಿಲ್ಲ ಅಷ್ಟೆ. ಅವರು ಬರೆದುಕೊಂಡದ್ದು ಇದು: ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಹೆಚ್ಚುಕಡಿಮೆ ಹದಿನಾರು ಪಟ್ಟು. ನಾಲ್ಕನೇ ಘಾತದ ಲೆಕ್ಕ, ಅಂದರೆ ಎರಡನ್ನು ನಾಲ್ಕು ಸಲ ಬರೆದು ಗುಣಿಸಿದಂತೆ. ಲಾರಿಯ ಎಂಟು ಟನ್ ಹೊತ್ತ ಒಂದೇ ಆಕ್ಸಲ್ ಒಮ್ಮೆ ಹಾದು ಮಾಡುವ ಹಾನಿಯನ್ನು, ಕಾರಿನ ಅರ್ಧ ಟನ್ ಹೊತ್ತ ಆಕ್ಸಲ್ ಮಾಡಬೇಕಾದರೆ 65,536 ಸಲ ಹಾಯಬೇಕು. ಇಷ್ಟಾದರೂ ಅಡ್ಡಗಟ್ಟಿ ದಾಖಲೆ ಕೇಳುವುದು ಹಿಂದೆ ತರಕಾರಿ ಮೂಟೆ ಕಟ್ಟಿಕೊಂಡು ಸಂತೆಗೆ ಹೊರಟ ಮೊಪೆಡ್ಡನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಓವರ್‌ಲೋಡಿಗೆ ರಾಮಬಾಣದಂಥ ಪರಿಹಾರ ಕಂಡುಹಿಡಿಯಿತು: ಮಿತಿಯನ್ನೇ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್ಲಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಭಾರ ಏರಿದ್ದು ಸುಮಾರು ಶೇ 13. ನಾಲ್ಕನೇ ಘಾತದಲ್ಲಿ ಗುಣಿಸಿದರೆ ಪೆಟ್ಟು ಏರುವುದು ಶೇ 60ರಷ್ಟು. ಶಿರಾಡಿ ಘಾಟಿಯ ರಸ್ತೆಗೆ ಗೆಜೆಟ್ ಓದಲು ಬರುವುದಿಲ್ಲವಾದ್ದರಿಂದ ಅದು ಹಳೇ ಚಾಳಿಯಂತೆ ಬಿರುಕು ಬಿಡುತ್ತಲೇ ಇದೆ.

ದಂಡದ ಲೆಕ್ಕ ಇನ್ನೂ ಸೊಗಸು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ಎಂದಿದೆ. ರಸ್ತೆ ಘಾತದಲ್ಲಿ ಸಾಯುತ್ತಿದೆ, ಕಾಯ್ದೆ ಎರಡರ ಮಗ್ಗಿ ಹೇಳುತ್ತಿದೆ. ಹೆಚ್ಚಿನ ಲೋಡು ಇಳಿಸುವ ತನಕ ವಾಹನ ಕದಲಕೂಡದು ಎಂದೂ ಇದೆ. ದೋಣಿಗಾಲ್ ತಿರುವಿನಲ್ಲಿ ಆರು ಟನ್ ಕಬ್ಬಿಣದ ಸರಳು ಇಳಿಸಿ ಯಾರ ತಲೆಮೇಲಿಡುವುದು ಎಂದು ಮಾತ್ರ ಬರೆದಿಲ್ಲ. ಇನ್ನು ಇಡೀ ಲಾರಿಯನ್ನು ಒಟ್ಟಿಗೆ ಕಾಟಾದ ಮೇಲೆ ಹತ್ತಿಸಿದರೆ ಸಿಗುವುದು ಒಟ್ಟು ತೂಕ. ಚೀಟಿಯಲ್ಲಿ ಲಾರಿ ಸಭ್ಯಸ್ಥ. ಲೋಡನ್ನೆಲ್ಲ ಹಿಂದಕ್ಕೆ ಒತ್ತಿ ಹೇರಿದ್ದರೆ ಹಿಂದಿನ ಆಕ್ಸಲ್ ಮುಲುಗುತ್ತಿರುತ್ತದೆ, ಚೀಟಿಗೆ ಅದು ಕೇಳಿಸದು. ಲಿಫ್ಟ್ ಆಕ್ಸಲ್ ಇರುವ ಲಾರಿಗಳದ್ದು ಇನ್ನೊಂದು ಚಮತ್ಕಾರ: ಖಾಲಿ ಇದ್ದಾಗ ಟೈರು ಉಳಿಯಲಿ ಎಂದು ಎತ್ತಿಡುವ ಚಕ್ರ ಲೋಡಾದ ಮೇಲೂ ಗಾಳಿಯಲ್ಲೇ ತಿರುಗುತ್ತ ಹೋದರೆ, ಅದರ ಪಾಲಿನ ಭಾರ ಪಕ್ಕದವರ ಹೆಗಲಿಗೆ.

ಚಾವುಂಡರಾಯ ಜಾಣ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ಬೆಟ್ಟದ ಬಂಡೆಯಲ್ಲೇ ಕಡೆಸಿಬಿಟ್ಟ. ಎಲ್ಲೋ ಕೆತ್ತಿಸಿ ಸಾಗಿಸಲು ಹೊರಟಿದ್ದರೆ ಚನ್ನರಾಯಪಟ್ಟಣದಿಂದ ಆಚೆಗೆ ಇವತ್ತಿಗೂ ತೇಪೆ ಕೆಲಸ ನಡೆಯುತ್ತಿತ್ತು.

ರಸ್ತೆ ಕಿತ್ತುಹೋದರೆ ಕಾರಣ ಸಿದ್ಧವಾಗಿಯೇ ಇರುತ್ತದೆ: ಮಳೆ. 2000ದ ದಶಕದಲ್ಲಿ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಮಂಗಳೂರು ಬಂದರಿಗೆ ಸಾಲುಗಟ್ಟಿ ಇದೇ ಘಾಟಿ ಇಳಿಯುತ್ತಿದ್ದಾಗಲೂ ರಸ್ತೆ ಕೆಡಿಸಿದ್ದು ಮಳೆಯೇ. ಮಳೆ ಸಾಧು ಅಂತ ನಾನು ಹೇಳುತ್ತಿಲ್ಲ. ಬಿರುಕಿನೊಳಗೆ ಇಳಿದ ನೀರು ತಳದ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಮುಂದಿನ ಲಾರಿ ಅಲ್ಲೊಂದು ಗುಂಡಿ ತೋಡುತ್ತದೆ. ಬಿರುಕು ಬಿಡಿಸಿ ನೀರಿಗೆ ಬಾಗಿಲು ತೆರೆದವರ ಹೆಸರು ಮಾತ್ರ ಮಹಜರಿನಲ್ಲಿ ಬರುವುದಿಲ್ಲ.

ಹಾಗಾದರೆ ಮಳೆಯ ಮೇಲೆಯೇ ಸರಿಯಾಗಿ ಕೇಸು ಹಾಕಲಿ. ಜೂನ್ ಮೊದಲ ವಾರ ಗುಂಡ್ಯದಲ್ಲಿ ಒಂದು ತನಿಖಾ ಠಾಣೆ ಇರಲಿ. ಅರಬ್ಬೀ ಸಮುದ್ರದಿಂದ ಪರ್ಮಿಟ್ ಇಲ್ಲದೆ ಬರುವ ಮೋಡಗಳನ್ನು ಒಂದೊಂದಾಗಿ ನಿಲ್ಲಿಸಿ ತೂಗಲಿ. 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ ನೀರಿಗೆ 2,000. ಹೆಚ್ಚಿನ ಲೋಡನ್ನು ಅಲ್ಲೇ ಇಳಿಸಿ, ಹಗುರಾದ ಮೇಲಷ್ಟೇ ಸಕಲೇಶಪುರದತ್ತ ಹತ್ತಲಿ. ಕಬ್ಬಿಣದ ಕಮಾನು ಹೇಗೂ ಇದೆ, ಎತ್ತರ ಮೀರಿದ ಮೋಡವನ್ನು ಅದೇ ನೋಡಿಕೊಳ್ಳುತ್ತದೆ.