ಮಾರ್ಗರಿನ್ ಚೌಕವಾಗೇ ಯಾಕಿರಬೇಕು?

ದೇಶಗಳ ನಡುವಿನ ವ್ಯಾಪಾರದ ಮಾತು ಬಂದ ಕೂಡಲೇ ಎಲ್ಲರೂ ಸುಂಕದ ಬಗ್ಗೆಯೇ ಮಾತಾಡುತ್ತಾರೆ. ಸುಂಕ ಕಣ್ಣಿಗೆ ಕಾಣುತ್ತದೆ, ಶೇಕಡಾ ಇಷ್ಟು ಅಂತ ಲೆಕ್ಕ ಹಾಕಬಹುದು. ನನಗೆ ಅದಕ್ಕಿಂತ ಜಾಸ್ತಿ ಚಿಂತೆಯಾಗುವುದು ದೇಶದೊಳಗಿನ ನಿಯಮಗಳ ಬಗ್ಗೆ. ಮೇಲ್ನೋಟಕ್ಕೆ ಅವು ಎಲ್ಲರಿಗೂ ಒಂದೇ. ಪೆಟ್ಟು ಬೀಳುವುದು ಮಾತ್ರ ಹೊರಗಿನಿಂದ ಬರುವ ಸರಕಿಗೆ.

ಯುರೋಪನ್ನೇ ನೋಡಿ. ಈಗಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪವಾದ ಆರ್ಥಿಕ ಸಮುದಾಯದ ಆರು ದೇಶಗಳು 1968ರ ಜುಲೈ ಹೊತ್ತಿಗೆ ತಮ್ಮ ನಡುವಿನ ಸುಂಕ ತೆಗೆದುಹಾಕಿದವು. ಇನ್ನು ಸರಕು ಸಲೀಸಾಗಿ ಓಡಾಡಬೇಕಿತ್ತು ಅಲ್ವಾ? ಆಗಲಿಲ್ಲ. ಚಾಪೆ ಕೆಳಗೆ ನುಸುಳೋದು ಕಷ್ಟವಾದಾಗ ರಂಗೋಲಿ ಕೆಳಗೆ ನುಸುಳಿದ ಹಾಗೆ, ಅಡ್ಡಿ ಬೇರೆ ರೂಪದಲ್ಲಿ ಉಳಿದುಕೊಂಡಿತು.

ಮಾರ್ಗರಿನ್ ಅಂದರೆ ಎಣ್ಣೆ-ಕೊಬ್ಬಿನಿಂದ ಮಾಡುವ, ಬೆಣ್ಣೆಯ ಬದಲು ಬಳಸುವ ಪದಾರ್ಥ. ಬೆಲ್ಜಿಯಂನಲ್ಲಿ ಅಂಗಡಿಗೆ ಬರುವ ಮಾರ್ಗರಿನ್ ಕ್ಯೂಬ್ ಆಕಾರದಲ್ಲೇ ಇರಬೇಕು ಅಂತ ಕಾನೂನಿತ್ತು. ಬೆಣ್ಣೆ ಅಂದುಕೊಂಡು ಜನ ಮೋಸ ಹೋಗಬಾರದು ಅನ್ನೋದು ಸರ್ಕಾರದ ವಾದ. ಜರ್ಮನಿಯ ಕಂಪನಿಯೊಂದು ಅದನ್ನು ಮೇಲೆ ಅಗಲ, ಕೆಳಗೆ ಕಿರಿದಾದ ಡಬ್ಬಿಯಲ್ಲಿ ಮಾರಲು ಹೊರಟಿತ್ತು. ಒಳಗಿನ ಪದಾರ್ಥದಲ್ಲಿ ದೋಷವಿಲ್ಲ. ಆದರೆ ಬೆಲ್ಜಿಯಂಗೆ ಅಂತಲೇ ಬೇರೆ ಅಚ್ಚು, ಬೇರೆ ಪ್ಯಾಕಿಂಗ್, ಬೇರೆ ಖರ್ಚು. 1982ರ ತೀರ್ಪಿನಲ್ಲಿ ಯುರೋಪಿನ ನ್ಯಾಯಾಲಯ ಒಂದು ಮಾತನ್ನು ಎತ್ತಿ ಹೇಳಿತು: ಬೆಲ್ಜಿಯಂನಲ್ಲಿ ಬೆಲೆ ಬೇರೆ ಕೆಲವು ದೇಶಗಳಿಗಿಂತ ಸಾಕಷ್ಟು ಜಾಸ್ತಿ ಇದ್ದರೂ, ಹೊರಗಿನ ಮಾರ್ಗರಿನ್ ಅಲ್ಲಿ ಹೆಚ್ಚುಕಡಿಮೆ ಸಿಗುತ್ತಲೇ ಇರಲಿಲ್ಲ. ಬೆಲೆ ಜಾಸ್ತಿ ಇರೋ ಕಡೆ ಮಾರುವವರು ಮುಗಿಬೀಳಬೇಕು. ಯಾರೂ ಬರುತ್ತಿಲ್ಲ ಅಂದರೆ ಬಾಗಿಲು ಮುಚ್ಚಿದೆ ಅಂತಲೇ ಅರ್ಥ. ಆ ಜಾಸ್ತಿ ಬೆಲೆ ಕೊಟ್ಟವರು ಯಾರು? ಕಾನೂನು ಯಾರನ್ನು ಕಾಪಾಡುತ್ತೇನೆ ಅಂದಿತ್ತೋ ಅದೇ ಗ್ರಾಹಕರು. ಲೇಬಲ್ ಮೇಲೆ ಸರಿಯಾಗಿ ಬರೆದರೆ ಸಾಕಿತ್ತು, ಕೋರ್ಟು ಹೇಳಿದ್ದೂ ಅದನ್ನೇ.

ಇದಕ್ಕೆ ದಾರಿ ಮಾಡಿದ್ದು 1979ರ ಕ್ಯಾಸಿಸ್ ದ ದಿಜೋನ್ ತೀರ್ಪು. ಫ್ರಾನ್ಸಿನ ಈ ಹಣ್ಣಿನ ಮದ್ಯದಲ್ಲಿ ಆಲ್ಕೋಹಾಲ್ ಶೇ. 15ರಿಂದ 20. ಜರ್ಮನಿಯ ಕಾನೂನಿನ ಪ್ರಕಾರ ಇಂಥದ್ದರಲ್ಲಿ ಕನಿಷ್ಠ ಶೇ. 25 ಇರಬೇಕಿತ್ತು. ಕಡಿಮೆ ಆಲ್ಕೋಹಾಲ್ ಇರುವುದನ್ನು ಕುಡಿದೇ ಜನಕ್ಕೆ ಚಟ ಸುಲಭವಾಗಿ ಅಂಟುತ್ತದೆ ಅಂತ ಅಲ್ಲಿನ ಸರ್ಕಾರ ವಾದಿಸಿತು. ಕಡಿಮೆ ಆಲ್ಕೋಹಾಲ್ ಇರುವ ಬೇರೆ ಪಾನೀಯಗಳು ಅದೇ ಮಾರುಕಟ್ಟೆಯಲ್ಲಿ ಬೇಕಾದಷ್ಟು ಇವೆ, ಗಟ್ಟಿಯಾದದ್ದನ್ನೂ ಎಷ್ಟೋ ಜನ ನೀರು ಬೆರೆಸಿಯೇ ಕುಡಿಯುತ್ತಾರೆ ಅಂತ ಕೋರ್ಟು ಆ ವಾದ ತಳ್ಳಿಹಾಕಿತು. ಒಂದು ದೇಶದಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುವ ಸರಕನ್ನು ಇನ್ನೊಂದು ದೇಶ ತಡೆಯಬೇಕಾದರೆ ಗಟ್ಟಿ ಕಾರಣ ಕೊಡಬೇಕು ಅನ್ನೋ ತತ್ವ ಇಲ್ಲಿಂದಲೇ ಬೆಳೆಯಿತು.

ನಿಯಮಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೋಟಾರ್ ಸೈಕಲ್‌ಗೆ ಟ್ರೇಲರ್ ಕಟ್ಟಿ ಎಳೆಯಬಾರದು ಅಂತ ಇಟಲಿ ಹಾಕಿದ್ದ ನಿಷೇಧವನ್ನು ರಸ್ತೆ ಸುರಕ್ಷತೆಯ ಕಾರಣಕ್ಕೆ ಇದೇ ಕೋರ್ಟು 2009ರಲ್ಲಿ ಒಪ್ಪಿತು. ಡೆನ್ಮಾರ್ಕಿನಲ್ಲಿ ಬಿಯರ್ ಬಾಟಲಿಗೆ ಠೇವಣಿ ಇಟ್ಟು ವಾಪಸ್ ಪಡೆಯುವ ವ್ಯವಸ್ಥೆಯನ್ನೂ ಪರಿಸರದ ಸಲುವಾಗಿ ಎತ್ತಿಹಿಡಿಯಿತು. ಜೀವ, ಆರೋಗ್ಯ, ಪರಿಸರದ ಪ್ರಶ್ನೆ ಬಂದಾಗ ವ್ಯಾಪಾರ ಎರಡನೆಯದು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಆ ಹೆಸರು ಹೇಳಿಕೊಂಡು ಸುಮ್ನೆ ಒಳಗಿನ ಉದ್ಯಮಕ್ಕೆ ಬೇಲಿ ಹಾಕುವುದು ಅನ್ಯಾಯ. ರೂಢಿ ಅನ್ನೋದೂ ನನ್ನ ಪ್ರಕಾರ ಸಾಕಾಗುವ ಕಾರಣ ಅಲ್ಲ. ಬಾರ್ಲಿ ಮಾಲ್ಟ್, ಹಾಪ್ಸ್, ಯೀಸ್ಟ್, ನೀರು ಬಿಟ್ಟು ಬೇರೇನಾದರೂ ಸೇರಿದರೆ ಅದನ್ನು ಬಿಯರ್ ಅಂತ ಮಾರುವ ಹಾಗಿಲ್ಲ ಅಂದಿತ್ತು ಜರ್ಮನಿ. 1987ರಲ್ಲಿ ಕೋರ್ಟು ಅದನ್ನೂ ಒಪ್ಪಲಿಲ್ಲ. ಅಲ್ಲಿನವರು ಹಳೇ ಪದ್ಧತಿಯಲ್ಲೇ ಬಿಯರ್ ಮಾಡಲು ಯಾರ ಅಡ್ಡಿಯೂ ಇಲ್ಲ. ಬೇರೆಯವರದನ್ನು ಹೊರಗಿಡುವ ಹಕ್ಕು ಮಾತ್ರ ಹೋಯಿತು.

ತೀರ್ಪು ಬಂದ ಮಾತ್ರಕ್ಕೆ ಕಷ್ಟ ತೀರುವುದಿಲ್ಲ. ದೊಡ್ಡ ಕಂಪನಿ ವಕೀಲರನ್ನಿಟ್ಟು ವರ್ಷಗಟ್ಟಲೆ ಹೋರಾಡುತ್ತದೆ. ಸಣ್ಣ ತಯಾರಕರು ಪರೀಕ್ಷೆ, ಪ್ರಮಾಣಪತ್ರ, ಅನುವಾದ ಅಂತ ಅಲೆಯುವಷ್ಟರಲ್ಲೇ ಕೈಚೆಲ್ಲುತ್ತಾರೆ. ಅದಕ್ಕೇ 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ಪರಸ್ಪರ ಮಾನ್ಯತೆಯ ನಿಯಮ ನನಗೆ ಮುಖ್ಯ ಅನಿಸುತ್ತದೆ. ತನ್ನ ಸರಕು ಇನ್ನೊಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುತ್ತಿದೆ ಅಂತ ತಯಾರಕರೇ ಘೋಷಣೆ ಕೊಡಬಹುದು. ಅಧಿಕಾರಿಗಳು ತಡೆಯುವುದಾದರೆ ಕಾರಣ ತಿಳಿಸಬೇಕು. ಗಂಭೀರ ಅಪಾಯದಂಥ ಕಾರಣವಿಲ್ಲದಿದ್ದರೆ ಪರಿಶೀಲನೆ ನಡೆಯುವಾಗಲೂ ಮಾರಾಟ ಮುಂದುವರಿಯಬಹುದು. ಸಣ್ಣವರಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ಈ ಕೊನೆಯದೇ. ಆರು ತಿಂಗಳು ಗೋದಾಮಿನಲ್ಲಿ ಕೊಳೆತ ಸರಕಿಗೆ ಆಮೇಲೆ ಅನುಮತಿ ಸಿಕ್ಕರೆಷ್ಟು, ಬಿಟ್ಟರೆಷ್ಟು?